ಅರ್ಧ ಗಂಟೆ ಮಲಗುವಂತಿಲ್ಲ

ಹೆಸರು ಕೇಳಿದಾಗ, ಸುಳ್ಳೇಕೆ,
ಯಾವುದೋ ಹೂವೆಂದುಕೊಂಡೆ.
ಕ್ಲಮಿಡಿಯಾ.
ದೊರೆಗಳ ಬಂಗಲೆಯ ಮುಂದೆ ಕುಂಡದಲ್ಲಿ ಬೆಳೆಸಿ
ಮಳೆ ಶುರುವಾದರೆ ಒಳಗೆ ಎತ್ತಿಡುವ ಜಾತಿಯದು.

ಡಾಕ್ಟರ್ ನಫೀಸಾ ನಗಲಿಲ್ಲ.
ಬಾಗಿಲ ಚಿಲಕ ಹಾಕಿ ಬಂದು
ಕುರ್ಚಿ ನನ್ನ ಕಡೆಗೆ ಎಳೆದುಕೊಂಡರು.
"ಬ್ಯಾಕ್ಟೀರಿಯಾ. ಕೂಡಿದಾಗ
ಒಂದು ಮೈಯಿಂದ ಇನ್ನೊಂದಕ್ಕೆ ದಾಟುತ್ತದೆ.
ಬಸ್ಸಿನ ಸೀಟಿನಿಂದ ಬರುವುದಲ್ಲ,
ಲೈನ್‌ಮನೆಯ ಕಕ್ಕಸಿನಿಂದಲೂ ಅಲ್ಲ."
ನಾನು ಅದನ್ನೇ ಕೇಳಬೇಕೆಂದಿದ್ದೆ.

ಸೋಮವಾರಪೇಟೆಗೆ ಹೋದದ್ದು ಬೇರೆ ಮಾತಿಗೆ.
ಮದುವೆಯಾಗಿ ನಾಲ್ಕು ವರ್ಷ, ತೊಟ್ಟಿಲ ಸುದ್ದಿಯಿಲ್ಲ.
ಉರಿಯಿಲ್ಲ, ನೋವಿಲ್ಲ,
ಬಿಳಿ ಸೆರಗು ಎಲ್ಲರಿಗೂ ಇರುವಷ್ಟೇ.
ಮೈಸೂರಿಗೆ ಹೋಗಿಬಂದ ಸೀಸೆ ಮಾತ್ರ
ನನ್ನ ಬಗ್ಗೆ ನನಗಿಂತ ಹೆಚ್ಚು ತಿಳಿದು ಬಂದಿತ್ತು.

"ಎಷ್ಟು ದಿನದಿಂದ?"
"ಹೇಳಲಾಗದು. ತಿಂಗಳೋ, ವರ್ಷವೋ.
ಹೆಚ್ಚಿನ ಹೆಂಗಸರಿಗೆ ಗೊತ್ತೇ ಆಗದು."

ಆಗ ತಿಳಿಯಿತು, ನನ್ನ ಭಾಷೆಯಲ್ಲಿ:
ಬೋರರ್.

ಹನ್ನೊಂದು ವರ್ಷ, ಮಾದಾಪುರದಾಚೆಯ ತೋಟದಲ್ಲಿ
ಬೋರರ್ ಹುಡುಕುವ ಗುಂಪಿನವಳು ನಾನು.
ಅರೇಬಿಕಾ ಗಿಡ ಹಸಿರಾಗಿಯೇ ನಿಂತಿರುತ್ತದೆ,
ಹೊತ್ತಿಗೆ ಸರಿಯಾಗಿ ಹೂ ಬಿಡುತ್ತದೆ,
ಒಳಗೆ ಬಿಳಿಹುಳು ಸುರಂಗ ಕೊರೆಯುತ್ತಿರುತ್ತದೆ.
ಕಣ್ಣಿನ ಕೆಲಸವಲ್ಲ ಅದು. ಅಂಗೈ ಆಡಿಸಬೇಕು.
ತೊಗಟೆಯಡಿ ನರ ಉಬ್ಬಿದ ಹಾಗೆ ಒಂದು ಗೆರೆ ತಾಗುತ್ತದೆ.
ಎಲೆ ಹಳದಿಯಾಗಲಿ ಎಂದು ಕಾದವರು
ಪಕ್ಕದ ಸಾಲಿಗೂ ಹಂಚಿದರು.

ಸಿಕ್ಕಿದ ಗಿಡವನ್ನು ನಾವು
ಬುಡಸಮೇತ ಕಿತ್ತು ಸುಡುತ್ತೇವೆ.

"ಮತ್ತೆ... ಇದಕ್ಕೆ?"
"ಕಿತ್ತುಹಾಕುವಂಥದ್ದು ಏನೂ ಇಲ್ಲ," ಎಂದರು ಡಾಕ್ಟರ್,
ನಾನು ಹುಳುವಿನ ಮಾತು ಎತ್ತಿರಲೇ ಇಲ್ಲ.
"ಏಳು ದಿನ ಕ್ಯಾಪ್ಸೂಲು, ಬೆಳಿಗ್ಗೆ ಒಂದು, ರಾತ್ರಿ ಒಂದು.
ಇಬ್ಬರೂ. ಒಬ್ಬರೇ ನುಂಗಿದರೆ ಬರೀ ಕೈಬದಲು.
ಅಷ್ಟು ದಿನ ಕೂಡಬೇಡಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ.
ಊಟದ ಮೇಲೆ ತುಂಬ ನೀರು ಕುಡಿದು ನುಂಗಿ,
ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ,
ಗಂಟಲು ಸುಡುತ್ತದೆ."

ಧರ್ಮಪಾಲ ಕುಶಾಲನಗರದಿಂದ ಬಂದಾಗ ಒಂಬತ್ತು.
ಮೂಟೆ ಇಳಿಸಿ ಹಗುರಾದ ಪಿಕಪ್ಪು
ಏರಿನಲ್ಲಿ ಗಡಗಡ ಎನ್ನುವುದು ದೂರದಿಂದಲೇ ಕೇಳಿತ್ತು.
ಹೇಳಿದೆ.
ಅವನು ಕೈ ತೊಳೆದ. ಮತ್ತೊಮ್ಮೆ ತೊಳೆದ.
"ಯಾರಿಂದ?"
ಆ ಪ್ರಶ್ನೆ ನನ್ನ ಬಾಯಲ್ಲೂ ಇತ್ತು.
ತಟ್ಟೆಯಲ್ಲಿ ಉಳಿದ ಒಂದೇ ಅಕ್ಕಿರೊಟ್ಟಿಯ ಹಾಗೆ
ಇಬ್ಬರ ನಡುವೆ ಆರುತ್ತಾ ಬಿದ್ದಿತ್ತು.

ಗೋಡೆಗೊರಗಿ ಕುಳಿತೆವು, ಅರ್ಧ ಗಂಟೆ.
ಮುಳ್ಳು ಬಂದಲ್ಲಿಗೆ ಬಂದಕೂಡಲೇ
ಅವನು ದೀಪ ಆರಿಸಿದ.
ಮರುರಾತ್ರಿ ಕ್ಲಚ್ಚಿನ ತೊಂದರೆ ಹೇಳಿದ,
ಅದಕ್ಕೇ ನನಗೆ ಅಳು ಬಂತು.
ಆಮೇಲೊಂದು ದಿನ, ನಾಲ್ಕನೆಯದೋ ಏನೋ,
"ಮದುವೆಗೆ ಮೊದಲು, ಹುಣಸೂರಿನಲ್ಲಿ ಲಾರಿಯಲ್ಲಿದ್ದಾಗ..."
ಎಂದು ಶುರುಮಾಡಿ ನಿಲ್ಲಿಸಿಬಿಟ್ಟ.
"ನನಗೆ ಆಗ ಇಪ್ಪತ್ತು," ಎಂದು ನಾನು ಶುರುಮಾಡಿದೆ.
ನಿಲ್ಲಿಸಲಿಲ್ಲ.
ಮುಗಿದಾಗ ಅರ್ಧ ಗಂಟೆ ಯಾವಾಗಲೋ ದಾಟಿತ್ತು,
ಯಾರೂ ಎದ್ದಿರಲಿಲ್ಲ.

ಯಾರಿಂದ, ಎಂಬುದು ಇನ್ನೂ ಗೊತ್ತಿಲ್ಲ.
ಸೀಸೆಗೂ ಗೊತ್ತಿಲ್ಲವಂತೆ.

ಮುಂದಿನ ತಿಂಗಳು ನಾಳಗಳ ಫೋಟೋ ತೆಗೆಯುತ್ತಾರೆ,
ಕಲೆ ಕಟ್ಟಿದೆಯೋ, ದಾರಿ ಬಿಟ್ಟಿದೆಯೋ.
ಮದ್ದು ಹುಳುವನ್ನು ಕೊಲ್ಲುತ್ತದೆ,
ಕೊರೆದ ಸುರಂಗವನ್ನು ತುಂಬುವುದಿಲ್ಲ.
ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎಂಟನೆಯ ರಾತ್ರಿ ನುಂಗಲು ಏನೂ ಇರಲಿಲ್ಲ.
ಚಾಪೆ ಬಿಡಿಸಿದೆ.
ಅವನು ಬಂದು ಗೋಡೆಗೊರಗಿ ಕುಳಿತ.
"ಹುಣಸೂರಿನಲ್ಲಿ," ಎಂದ,
ದೀಪ ಆರಿಸದೆ.